ತೋಟದ ಮನೆಯ ಕಂಪ್ಯೂಟರಿಗೆ ಯಾವ ಎಸ್‌ಎಂಪಿಎಸ್? ಮೂರು ಬಗೆಗಳ ಒಂದು ಹೋಲಿಕೆ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಅಡಿಕೆ ತೋಟದ ನಡುವಿನ ಮನೆಯೊಂದಕ್ಕೆ ಹೊಸ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ಕಳೆದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ಮನೆಯ ಯಜಮಾನರು ಕನ್ನಡ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಹಳೆಯ ತಾಳಮದ್ದಳೆಗಳ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಸದ್ದುಗದ್ದಲ ತೆಗೆದು, ಪ್ರಸಂಗವಾರು ಜೋಡಿಸಿಡುವುದು ಅವರ ಈಗಿನ ಹವ್ಯಾಸ. ಅವರ ಹಳೆಯ ಯಂತ್ರಕ್ಕೆ ಒಂದು ವಿಚಿತ್ರ ಕಾಯಿಲೆಯಿತ್ತು. ತೋಟಕ್ಕೆ ನೀರು ಬಿಡುವ ಪಂಪು ಶುರುವಾದ ಕ್ಷಣದಲ್ಲಿ ಅದು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪಂಪು ನೆರೆಮನೆಯದ್ದಾದರೂ ಅಷ್ಟೇ. ವೈರಸ್ ಇರಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಮೂರು ಬಾರಿ ವಿಂಡೋಸ್ ಹಾಕಿಸಿದ್ದರು. ದೋಷವಿದ್ದದ್ದು ಕ್ಯಾಬಿನೆಟಿನ ಜೊತೆಗೆ ಉಚಿತವಾಗಿ ಬಂದಿದ್ದ, ಗೋಡೆಯ ಕರೆಂಟನ್ನು ಒಳಗಿನ ಬಿಡಿಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ.

ಹೊಸ ಯಂತ್ರಕ್ಕೆ ಯಾವುದನ್ನು ಹಾಕುವುದೆಂದು ನಿರ್ಧರಿಸುವ ಮೊದಲು ಮೂರು ಬಗೆಯವನ್ನು ಚಾವಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಒಂದು, ಹಳೆಯ ಕ್ಯಾಬಿನೆಟಿನಿಂದ ಬಿಚ್ಚಿದ, ‘450 ವ್ಯಾಟ್’ ಎಂದು ದೊಡ್ಡದಾಗಿ ಬರೆದಿರುವ, ಸಾವಿರ ರೂಪಾಯಿಯ ಒಳಗೆ ಸಿಗುವ ಬಗೆ; ಎರಡನೆಯದು, ಮೂರು–ನಾಲ್ಕು ಸಾವಿರದ ಆಸುಪಾಸಿನಲ್ಲಿರುವ, 80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರದಲ್ಲಿ ಬ್ರಾಂಜ್ ದರ್ಜೆ ಪಡೆದ 550 ವ್ಯಾಟಿನ ಬಗೆ; ಮೂರನೆಯದು, ಅದರ ಸುಮಾರು ಎರಡು ಪಟ್ಟು ಬೆಲೆಯ, ಅದೇ ಪ್ರಮಾಣಪತ್ರದ ಮೇಲಿನ ದರ್ಜೆಯಾದ 750 ವ್ಯಾಟಿನ ಗೋಲ್ಡ್. ಸಾಮಾನ್ಯವಾಗಿ ಇಂಥ ಹೋಲಿಕೆಗಳು ವ್ಯಾಟಿನಿಂದ ಶುರುವಾಗಿ ವಿದ್ಯುತ್ ಉಳಿತಾಯದಲ್ಲಿ ಮುಗಿಯುತ್ತವೆ. ಮಂಗಳೂರು, ಬೆಂಗಳೂರುಗಳ ಫ್ಲಾಟುಗಳಲ್ಲಿ ಅದು ಸಾಕಾಗಬಹುದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಕಡೆ, ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಲೈನಿನ ಕೊನೆಯ ಮನೆಗಳಲ್ಲಿ, ಎಸ್‌ಎಂಪಿಎಸ್‌ನ ಗುಣ ಗೊತ್ತಾಗುವುದು ಅದು ಒಳಗಿನ ಬಿಡಿಭಾಗಗಳಿಗೆ ಏನನ್ನು ಕೊಡುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಗೋಡೆಯಿಂದ ಎಂಥ ಕರೆಂಟು ಬಂದರೂ ತಾಳಿಕೊಳ್ಳುತ್ತದೆಯೇ ಎಂಬುದರಲ್ಲಿ. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ಆ ಕಡೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಲೇಬಲಿನ ಲೆಕ್ಕ

ಮೊದಲು ಮೂರನ್ನೂ ಕೈಯಲ್ಲಿ ಎತ್ತಿ ನೋಡಿರೆಂದು ಮಾಷ್ಟ್ರಿಗೆ ಹೇಳಿದೆ. ಉಚಿತವಾಗಿ ಬಂದದ್ದು ಖಾಲಿ ಡಬ್ಬಿಯಂತೆ ಹಗುರವಾಗಿತ್ತು. ತೂಕವೇ ಗುಣದ ಅಳತೆಗೋಲು ಎಂದು ಹೇಳುವುದು ಸರಿಯಲ್ಲ, ಹೊರಗಿನ ತಗಡನ್ನು ದಪ್ಪ ಮಾಡಿ ತೂಕ ಹೆಚ್ಚಿಸುವವರೂ ಇದ್ದಾರೆ. ಆದರೆ ಟ್ರಾನ್ಸ್‌ಫಾರ್ಮರ್, ಸುರುಳಿ, ಕೆಪಾಸಿಟರ್, ಶಾಖ ಹೀರುವ ಅಲ್ಯೂಮಿನಿಯಂ ತುಂಡು ಇವೆಲ್ಲ ಇರಬೇಕಾದ ಗಾತ್ರದಲ್ಲಿದ್ದರೆ ಪೆಟ್ಟಿಗೆ ಇಷ್ಟು ಹಗುರವಾಗಿರಲು ಸಾಧ್ಯವಿಲ್ಲ.

ಆಮೇಲೆ ಬದಿಯ ಲೇಬಲನ್ನು ಓದಿದೆವು. ಹಳೆಯದರ ಲೇಬಲಿನಲ್ಲಿ 3.3 ವೋಲ್ಟಿಗೆ 14 ಆಂಪಿಯರ್, 5 ವೋಲ್ಟಿಗೆ 15, 12 ವೋಲ್ಟಿಗೆ 14, ಋಣ 12 ವೋಲ್ಟಿಗೆ 0.3, ಸ್ಟ್ಯಾಂಡ್‌ಬೈ 5 ವೋಲ್ಟಿಗೆ 2 ಎಂದು ಅಚ್ಚಾಗಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ 303 ವ್ಯಾಟ್ ಕೂಡ ತುಂಬುವುದಿಲ್ಲ. ಮಾಷ್ಟ್ರು ಕಾಗದದಲ್ಲಿ ಎರಡು ಸಲ ಕೂಡಿಸಿ ನೋಡಿ, ಉಳಿದ 147 ವ್ಯಾಟ್ ಎಲ್ಲಿ ಹೋಯಿತೆಂದು ಕೇಳಿದರು. ಅದು ಹೆಸರಿನಲ್ಲಿತ್ತೇ ಹೊರತು ಪೆಟ್ಟಿಗೆಯಲ್ಲಿ ಎಂದೂ ಇರಲಿಲ್ಲ.

ಈ ಪಟ್ಟಿಯಲ್ಲಿ ನಿಜವಾಗಿ ನೋಡಬೇಕಾದದ್ದು 12 ವೋಲ್ಟಿನ ಸಾಲನ್ನು. 1995ರಲ್ಲಿ ಇಂಟೆಲ್, ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡುಗಳು ಪಾಲಿಸಬೇಕಾದ ಎಟಿಎಕ್ಸ್ ಮಾನದಂಡವನ್ನು ಹೊರತಂದಾಗ ಕಂಪ್ಯೂಟರಿನ ಮುಖ್ಯ ಆಹಾರ 5 ಮತ್ತು 3.3 ವೋಲ್ಟುಗಳಾಗಿದ್ದವು. ಈಗ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಎಳೆಯುವುದು 12 ವೋಲ್ಟಿನಿಂದ. ಉಳಿದೆರಡಕ್ಕೆ ಯುಎಸ್‌ಬಿ, ಎಸ್‌ಎಸ್‌ಡಿ ಮುಂತಾದ ಚಿಲ್ಲರೆ ಕೆಲಸ ಮಾತ್ರ ಉಳಿದಿದೆ. 12 ವೋಲ್ಟಿಗೆ 14 ಆಂಪಿಯರ್ ಎಂದರೆ 168 ವ್ಯಾಟ್; ಹೆಸರು 450 ಇದ್ದರೂ ಕೆಲಸಕ್ಕೆ ಬರುವುದು ಇಷ್ಟೇ. ನಮ್ಮ ಮುಂದಿದ್ದ ಬ್ರಾಂಜ್ ಮತ್ತು ಗೋಲ್ಡ್ ಎರಡರಲ್ಲೂ 12 ವೋಲ್ಟಿನ ಒಂದೇ ಸಾಲಿನಿಂದ ಹೆಸರಿನಲ್ಲಿರುವ ವ್ಯಾಟಿನ ಬಹುಪಾಲು ದೊರೆಯುತ್ತಿತ್ತು. 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ನ ಲೇಬಲಿನಲ್ಲಿ ಈ ಸಾಲಿಗೆ 40 ಆಂಪಿಯರಿಗಿಂತ ಹೆಚ್ಚು ಬರೆದಿರುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದು, ಕ್ಯಾಲ್ಕುಲೇಟರೂ ಬೇಕಾಗಿಲ್ಲ.

ಅಗ್ಗದ ವಿನ್ಯಾಸದಲ್ಲಿ ಇನ್ನೊಂದು ತೊಡಕಿದೆ. 5 ಮತ್ತು 12 ವೋಲ್ಟುಗಳನ್ನು ಒಂದೇ ನಿಯಂತ್ರಣಕ್ಕೆ ಕಟ್ಟಿಹಾಕಿರುವುದರಿಂದ, ಗ್ರಾಫಿಕ್ಸ್ ಕಾರ್ಡ್ 12 ವೋಲ್ಟನ್ನು ಜೋರಾಗಿ ಎಳೆದಾಗ ಅದನ್ನು ಎತ್ತಿ ಹಿಡಿಯುವ ಪ್ರಯತ್ನದಲ್ಲಿ 5 ವೋಲ್ಟ್ ಬೇಡದಿದ್ದರೂ ಮೇಲೇರುತ್ತದೆ. ಮಾನದಂಡದ ಪ್ರಕಾರ ಎರಡೂ ಸಾಲುಗಳು ಶೇಕಡಾ 5ರ ಅಂತರದೊಳಗೆ, ಅಂದರೆ 12 ವೋಲ್ಟ್ 11.4ರಿಂದ 12.6ರ ನಡುವೆ, 5 ವೋಲ್ಟ್ 4.75ರಿಂದ 5.25ರ ನಡುವೆ ಇರಬೇಕು. ಹೊಸ ವಿನ್ಯಾಸಗಳು 12 ವೋಲ್ಟನ್ನು ಮಾತ್ರ ತಯಾರಿಸಿ ಉಳಿದೆರಡನ್ನು ಅದರಿಂದಲೇ ಸಣ್ಣ ಡಿಸಿ–ಡಿಸಿ ಬೋರ್ಡಿನ ಮೂಲಕ ಇಳಿಸಿಕೊಳ್ಳುತ್ತವೆ. ಈ ಎಳೆದಾಟ ಅಲ್ಲಿಲ್ಲ. ಬ್ರಾಂಜ್ ದರ್ಜೆಯಲ್ಲಿ ಎರಡೂ ಬಗೆಯವು ಸಿಗುತ್ತವೆ, ಗೋಲ್ಡ್‌ನಲ್ಲಿ ಬಹುತೇಕ ಎಲ್ಲವೂ ಡಿಸಿ–ಡಿಸಿ. ಬ್ರಾಂಜ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ಅಥವಾ ಮಾದರಿಯ ವಿವರದಲ್ಲಿ ಈ ಪದವನ್ನು ಹುಡುಕುವುದು ಒಳ್ಳೆಯದು.

ಕರೆಂಟು ಕುಸಿದಾಗ

ಪಂಪಿನ ಕಾಯಿಲೆಗೆ ಬರೋಣ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಅದು ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಉದ್ದದ ಲೈನಿನ ತುದಿಯಲ್ಲಿರುವ ಮನೆಯಲ್ಲಿ ಆಗ ಬಲ್ಬು ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ. ಮಾಷ್ಟ್ರ ಮನೆಯ ಪ್ಲಗ್ಗಿಗೆ ಮಲ್ಟಿಮೀಟರ್ ಚುಚ್ಚಿ, ಕೆಳಗಿನ ತೋಟದ ಪಂಪನ್ನು ಹಾಕಿಸಿ ನೋಡಿದಾಗ 214 ಇದ್ದದ್ದು 170ಕ್ಕೆ ಇಳಿದು, ನಿಧಾನವಾಗಿ 200ರ ಹತ್ತಿರಕ್ಕೆ ಏರಿತು. ಏರುವುದಕ್ಕೆ ಹಿಡಿದ ಸಮಯ ಒಂದು ಉಸಿರು ತೆಗೆದುಕೊಳ್ಳುವಷ್ಟು. ಮನುಷ್ಯನಿಗೆ ಅದು ಕ್ಷಣ, ಕಂಪ್ಯೂಟರಿಗೆ ದೀರ್ಘಕಾಲ.

ಎಸ್‌ಎಂಪಿಎಸ್‌ನ ಒಳಗೆ ಬಂದ ಕರೆಂಟು ಮೊದಲು ಡಿಸಿಯಾಗಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಮಾಡಿನ ಮೇಲಿನ ನೀರಿನ ಟಾಂಕಿಯ ಕೆಲಸ ಅದರದ್ದು. ಹಳೆಯ ಬಗೆಯದರಲ್ಲಿ ಈ ಟಾಂಕಿ ಎಷ್ಟು ತುಂಬುತ್ತದೆ ಎಂಬುದು ಗೋಡೆಯ ವೋಲ್ಟೇಜಿಗೇ ಅಂಟಿಕೊಂಡಿದೆ. ಹೊರಗೆ 230 ಇದ್ದರೆ ಒಳಗೆ ಸುಮಾರು 325 ವೋಲ್ಟಿನವರೆಗೆ ತುಂಬುತ್ತದೆ, ಹೊರಗೆ 170 ಆದರೆ ಒಳಗೆ 240 ಮಾತ್ರ. ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ವೋಲ್ಟೇಜು ಕಾಲು ಭಾಗದಷ್ಟು ಕುಸಿದರೆ ಶೇಖರ ಹೆಚ್ಚುಕಡಿಮೆ ಅರ್ಧವಾಗಿಬಿಡುತ್ತದೆ. ಆ ಅರ್ಧದಲ್ಲೂ ಟಾಂಕಿಯ ತಳದ ನೀರಿನಂತೆ ಒಂದು ಪಾಲು ಬಳಕೆಗೆ ಬರುವುದಿಲ್ಲ. ಉಳಿದ ಕೆಲವೇ ಮಿಲಿಸೆಕೆಂಡುಗಳ ಸಂಗ್ರಹ ಮುಗಿದೊಡನೆ 12 ವೋಲ್ಟ್ ಕುಸಿಯುತ್ತದೆ, ಮದರ್‌ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಮೂರು ಸಲ ಹಾಕಿಸಿದ ವಿಂಡೋಸಿಗೆ ಇದನ್ನು ಸರಿಪಡಿಸುವ ಶಕ್ತಿ ಎಲ್ಲಿಂದ ಬರಬೇಕು?

ಬ್ರಾಂಜ್ ಮತ್ತು ಗೋಲ್ಡ್ ಎರಡರಲ್ಲೂ ಇರುವ ‘ಆಕ್ಟಿವ್ ಪಿಎಫ್‌ಸಿ’ ಎಂಬ ಹಂತ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದರ ಮೂಲ ಉದ್ದೇಶ ಕರೆಂಟನ್ನು ಲೈನಿನಿಂದ ನಯವಾಗಿ ಎಳೆಯುವುದು. ಆದರೆ ಅದು ಕೆಲಸ ಮಾಡುವ ಕ್ರಮದಿಂದಾಗಿ, ಹೊರಗೆ 230 ಇರಲಿ 170 ಇರಲಿ, ಒಳಗಿನ ಕೆಪಾಸಿಟರನ್ನು ಸದಾ 380 ವೋಲ್ಟಿನ ಆಸುಪಾಸಿನಲ್ಲಿ ತುಂಬಿಸಿಯೇ ಇಡುತ್ತದೆ. ಬಾವಿಯಲ್ಲಿ ನೀರು ಇಳಿದರೂ ಟಾಂಕಿ ತುಂಬಿರುತ್ತದೆ. 80 ಪ್ಲಸ್ ಪ್ರಮಾಣಪತ್ರಕ್ಕೆ ಪವರ್ ಫ್ಯಾಕ್ಟರ್ (ಕರೆಂಟನ್ನು ಎಷ್ಟು ನಯವಾಗಿ ಎಳೆಯುತ್ತದೆಂಬುದರ ಅಳತೆ, ಒಂದು ಎಂದರೆ ಪೂರ್ಣ) 0.9 ಇರಬೇಕೆಂಬ ನಿಯಮವಿರುವುದರಿಂದ, ನಿಜವಾಗಿ ಆ ಪ್ರಮಾಣಪತ್ರ ಪಡೆದ ಎಸ್‌ಎಂಪಿಎಸ್‌ಗಳಲ್ಲಿ ಈ ಹಂತ ಇದ್ದೇ ಇರುತ್ತದೆ. ನನ್ನ ಮಟ್ಟಿಗೆ ನಮ್ಮ ಕಡೆ ಉಚಿತದ್ದನ್ನು ಬಿಟ್ಟು ಬ್ರಾಂಜಿಗೆ ಏರಲು ಇದೊಂದೇ ಕಾರಣ ಸಾಕು.

ಆದರೆ ಬ್ರಾಂಜ್ ಎಂದು ಬರೆದ ಎಲ್ಲವೂ ಸಮಾನವಲ್ಲ. ಲೇಬಲಿನಲ್ಲಿ ‘ಇನ್‌ಪುಟ್’ ಎಂಬ ಸಾಲೊಂದಿರುತ್ತದೆ, ಕೊಳ್ಳುವವರಲ್ಲಿ ಅದನ್ನು ಓದುವವರು ಕಡಿಮೆ. ಕೆಲವು ಮಾದರಿಗಳಲ್ಲಿ 100–240 ವೋಲ್ಟ್ ಎಂದಿದ್ದರೆ, ಬೆಲೆ ಇಳಿಸಲೆಂದು ತಯಾರಾದ ಕೆಲವು ಮಾದರಿಗಳಲ್ಲಿ 200–240 ವೋಲ್ಟ್ ಎಂದು ಮಾತ್ರ ಇರುತ್ತದೆ. ಎರಡನೆಯ ಬಗೆಯವು 230 ವೋಲ್ಟ್ ಸ್ಥಿರವಾಗಿ ಬರುವ ಊರಿನಲ್ಲಿ ಏನೂ ತೊಂದರೆ ಕೊಡುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ತೋಟಗಳಿಗೆಲ್ಲ ನೀರು ಹಾಯಿಸುವ ಕಾಲದಲ್ಲಿ, ಸಂಜೆ ಹೊತ್ತು 190ನ್ನೂ ಕಾಣದ ಮನೆಗೆ ಅವು ತಕ್ಕವಲ್ಲ. ಒಂದೇ ಕಂಪೆನಿಯ, ಒಂದೇ ದರ್ಜೆಯ, ನಾಲ್ಕೈದು ನೂರು ರೂಪಾಯಿ ವ್ಯತ್ಯಾಸದ ಎರಡು ಮಾದರಿಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ, ಈ ಭಾಗದ ಓದುಗರು ಮೊದಲು ನೋಡಬೇಕಾದ ಸಾಲು ಇದೇ ಎಂದು ನಾನು ಒತ್ತಿ ಹೇಳುತ್ತೇನೆ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ಚಿರುವ ಹಳೆಯ ಬಗೆಯದನ್ನಂತೂ ಕಣ್ಣಿಂದಲೂ ನೋಡಬೇಡಿ. ಮಕ್ಕಳು ಕುತೂಹಲಕ್ಕೆ ಅದನ್ನು 115ಕ್ಕೆ ಸರಿಸಿದರೆ ಮುಂದಿನ ಬಾರಿ ಸ್ವಿಚ್ ಹಾಕಿದಾಗ ಕದಿನ ಸಿಡಿದಂಥ ಸದ್ದು ಕೇಳುತ್ತದೆ.

ಇನ್ವರ್ಟರಿನ ಜೊತೆ ಹೊಂದಿಕೆ

ಮಳೆಗಾಲದಲ್ಲಿ ಗಾಳಿಗೆ ಕಂಗು (ಅಡಿಕೆ ಮರ) ಮುರಿದು ತಂತಿಯ ಮೇಲೆ ಬೀಳುವ ಊರಾದುದರಿಂದ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಇದೆ. ಅದರ ಮೇಲೆಯೇ ಕಂಪ್ಯೂಟರ್ ಓಡಿಸಬಹುದೇ ಎಂಬ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಓಡಿಸಬಹುದು, ಎರಡು ಷರತ್ತುಗಳಿವೆ.

ಮೊದಲನೆಯದು, ಇನ್ವರ್ಟರ್ ಸೈನ್ ವೇವ್ ಬಗೆಯದ್ದು, ಅಂದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು ಆಗಿರಬೇಕು. ಚೌಕಾಕಾರದ ಒರಟು ಅಲೆ ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೂ ಆಕ್ಟಿವ್ ಪಿಎಫ್‌ಸಿಗೂ ಸರಿಬರುವುದಿಲ್ಲ. ಕೆಲವೊಮ್ಮೆ ಇನ್ವರ್ಟರ್ ಓವರ್‌ಲೋಡ್ ಎಂದು ಕೂಗುತ್ತದೆ, ಕೆಲವೊಮ್ಮೆ ಎಸ್‌ಎಂಪಿಎಸ್ ತಾನೇ ಆರಿಹೋಗುತ್ತದೆ. ಇಲ್ಲಿ ಒಂದು ವಿಪರ್ಯಾಸವಿದೆ. ಅದೇ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಉಚಿತದ ಎಸ್‌ಎಂಪಿಎಸ್ ಗೊಣಗದೆ ಓಡುವುದರಿಂದ, ಹೊಸ ದುಬಾರಿಯದೇ ಕೆಟ್ಟದ್ದೆಂದು ಗಿರಾಕಿಗಳು ವಾಪಸು ತರುವುದುಂಟು.

ಎರಡನೆಯದು, ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ವೇಗ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಸ್ಥಾನದಲ್ಲಿಟ್ಟರೆ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ. ಸಾಮಾನ್ಯ ಸ್ಥಾನದಲ್ಲಿ ಅದರ ಹಲವು ಪಟ್ಟು ಹಿಡಿಯುತ್ತದೆ. ಅಷ್ಟು ಹೊತ್ತು ಟಾಂಕಿಯ ಶೇಖರದಲ್ಲೇ ಎಸ್‌ಎಂಪಿಎಸ್ ನಡೆಯಬೇಕು. ಎಟಿಎಕ್ಸ್ 3.1 ಮಾನದಂಡ, ಪೂರ್ಣ ಭಾರದಲ್ಲಿ 12 ಮಿಲಿಸೆಕೆಂಡ್, ಶೇಕಡಾ 80 ಭಾರದಲ್ಲಿ 17 ಮಿಲಿಸೆಕೆಂಡ್ ತಾಳಿಕೊಳ್ಳಬೇಕೆನ್ನುತ್ತದೆ. ಮನೆಯ ಯಂತ್ರಗಳು ಪೂರ್ಣ ಭಾರದಲ್ಲಿ ಓಡುವುದು ಅಪರೂಪವಾದ್ದರಿಂದ ಒಳ್ಳೆಯ ಬ್ರಾಂಜ್ ಕೂಡ ಯುಪಿಎಸ್ ಸ್ಥಾನದಲ್ಲಿ ಪಾರಾಗುತ್ತದೆ. ಆದರೆ ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರು ವೋಲ್ಟೇಜು 180ರ ಹತ್ತಿರ ಇಳಿದೊಡನೆ ಬ್ಯಾಟರಿಗೆ ಜಿಗಿಯುತ್ತದೆ. ವೋಲ್ಟೇಜು ಕಡಿಮೆಯಿರುವ ಮನೆಯಲ್ಲಿ ಬೇಸಿಗೆಯ ಸಂಜೆಗಳು ಬ್ಯಾಟರಿಯಲ್ಲೇ ಕಳೆದು ರಾತ್ರಿಗೆ ಫ್ಯಾನಿಲ್ಲದಂತಾಗಬಹುದು. ಬೇರೆ ಸಣ್ಣ ಯುಪಿಎಸ್ ಇಡುವವರು, 600 ವಿಎ ಎಂಬುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಎಂಬುದನ್ನು ನೆನಪಿಡಬೇಕು. ಟೈಪಿಂಗಿನ ಯಂತ್ರಕ್ಕೆ ಅದು ಧಾರಾಳ. ಗ್ರಾಫಿಕ್ಸ್ ಕಾರ್ಡಿನ ಯಂತ್ರಕ್ಕೆ ಸಾಲದು.

ಬ್ರಾಂಜೋ ಗೋಲ್ಡೋ

80 ಪ್ಲಸ್ ಯೋಜನೆ 2004ರಲ್ಲಿ ಶುರುವಾಯಿತು, ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ಮೆಟ್ಟಿಲುಗಳು 2008ರಲ್ಲಿ ಬಂದವು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರದಲ್ಲಿರುವಾಗ ಬ್ರಾಂಜ್ ಶೇಕಡಾ 85, ಗೋಲ್ಡ್ ಶೇಕಡಾ 90 ದಕ್ಷತೆ ತೋರಿಸಬೇಕು. ಬಿಲ್ಲಿನ ಉಳಿತಾಯದ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಡಿಟಿಪಿ ಅಂಗಡಿಯ ಅಥವಾ ಕೇರಳದ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದ ಯಂತ್ರವೊಂದು ಒಳಗೆ 70 ವ್ಯಾಟ್ ಬಳಸುತ್ತದೆ, ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡುತ್ತದೆ ಎಂದಿಟ್ಟುಕೊಳ್ಳಿ. ಬ್ರಾಂಜಿನಲ್ಲಿ ಗೋಡೆಯಿಂದ ಎಳೆಯುವುದು ಸುಮಾರು 82 ವ್ಯಾಟ್, ಗೋಲ್ಡಿನಲ್ಲಿ 78. ವರ್ಷಕ್ಕೆ ಉಳಿಯುವುದು ಹನ್ನೊಂದು ಯುನಿಟ್. ಆ ಉಳಿತಾಯದಿಂದ ನಾಲ್ಕು ಸಾವಿರದ ಬೆಲೆವ್ಯತ್ಯಾಸ ತೀರುವ ಹೊತ್ತಿಗೆ ಯಂತ್ರವೂ ಇರುವುದಿಲ್ಲ, ಅದರ ಮಾಲಿಕರೂ ನಿವೃತ್ತರಾಗಿರುತ್ತಾರೆ.

ಹಾಗಾದರೆ ಗೋಲ್ಡ್ ಏಕೆ? ದಕ್ಷತೆ ಹೆಚ್ಚಿದಂತೆ ಒಳಗೆ ಹುಟ್ಟುವ ಶಾಖ ಕಡಿಮೆಯಾಗುತ್ತದೆ, ಮತ್ತು ಆ ದಕ್ಷತೆ ತಲುಪಲು ಬೇಕಾದ ವಿನ್ಯಾಸದ ಜೊತೆಗೆ ಸಾಮಾನ್ಯವಾಗಿ ಒಳ್ಳೆಯ ಕೆಪಾಸಿಟರ್, ಒಳ್ಳೆಯ ಫ್ಯಾನು, ಉದ್ದದ ವಾರಂಟಿ ಬರುತ್ತವೆ. ಕೋರ್ಸೇರ್ ಕಂಪೆನಿಯ ಸಾಲನ್ನೇ ತೆಗೆದುಕೊಂಡರೆ ಸಿವಿ ಮಾದರಿಗೆ 3 ವರ್ಷ, ಸಿಎಕ್ಸ್ ಮಾದರಿಗೆ 5 ವರ್ಷ, ಆರ್‌ಎಂಎಕ್ಸ್ ಮಾದರಿಗೆ 10 ವರ್ಷ ವಾರಂಟಿಯಿದೆ. ಬ್ರಾಂಜಿನ ಒಳಗೇ ಎರಡು ಮೆಟ್ಟಿಲುಗಳಿವೆ ಎಂಬುದನ್ನು ಗಮನಿಸಿ. ತಯಾರಕರು ತಮ್ಮ ಸರಕಿನ ಮೇಲೆ ಎಷ್ಟು ಭರವಸೆ ಇಟ್ಟಿದ್ದಾರೆಂಬುದಕ್ಕೆ ಅವರ ಜಾಹೀರಾತಿಗಿಂತ ಈ ಅಂಕಿಯೇ ಹೆಚ್ಚು ನಂಬಲರ್ಹ.

ಬಣ್ಣದ ಬಿಲ್ಲೆಯೊಂದೇ ಸುರಕ್ಷತೆಯ ಮಾತು ಹೇಳುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದೇ. ಗಿಗಾಬೈಟ್ ಕಂಪೆನಿಯ ಪಿ750ಜಿಎಂ ಮತ್ತು ಪಿ850ಜಿಎಂ ಮಾದರಿಗಳು ಗೋಲ್ಡ್ ಪ್ರಮಾಣಪತ್ರ ಇರುವಂಥವೇ. ಅತಿಭಾರದ ಪರೀಕ್ಷೆಗಳಲ್ಲಿ ಅವು ಸಿಡಿಯುತ್ತಿವೆ ಎಂಬ ವರದಿಗಳು ಬಂದ ಮೇಲೆ ಕಂಪೆನಿಯು 2021ರ ಆಗಸ್ಟಿನಲ್ಲಿ, ಭಾರ ಮಿತಿ ಮೀರಿದಾಗ ತಾನಾಗಿ ಆರುವ ಮಟ್ಟವನ್ನು ಶೇಕಡಾ 120–150ರಿಂದ 110–120ಕ್ಕೆ ಇಳಿಸಿ, ಹಳೆಯವನ್ನು ಬದಲಿಸಿಕೊಡುವುದಾಗಿ ಹೇಳಿತು. ಆದ್ದರಿಂದ ಕಂಪೆನಿಯ ಹೆಸರು ನೋಡಿ ಕೊಳ್ಳುವುದಕ್ಕಿಂತ ಮಾದರಿಯ ಪೂರ್ಣ ಹೆಸರು ಹಿಡಿದು ವಿಚಾರಿಸಬೇಕು. ಎಷ್ಟೋ ಕಂಪೆನಿಗಳು ಎಸ್‌ಎಂಪಿಎಸ್ ತಯಾರಿಸುವುದೇ ಇಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಸ್ಟಿಕ್ಕರ್ ಅಂಟಿಸುತ್ತವೆ. ಒಂದೇ ಹೆಸರಿನ ಎರಡು ಸರಣಿಗಳು ಬೇರೆ ಬೇರೆ ಕಾರ್ಖಾನೆಗಳಿಂದ ಬಂದಿರಬಹುದು.

ಎಷ್ಟು ವ್ಯಾಟ್ ಬೇಕು

ಇದರಲ್ಲಿ ಜನರು ತಲೆಕೆಡಿಸಿಕೊಳ್ಳುವಷ್ಟು ಕಷ್ಟವೇನೂ ಇಲ್ಲ. ಟೈಪಿಂಗ್, ಬಿಲ್ಲು, ಆಮಂತ್ರಣ ಪತ್ರಿಕೆಯ ವಿನ್ಯಾಸ, ಮಾಷ್ಟ್ರು ಮಾಡುವಂಥ ಧ್ವನಿಯ ಕೆಲಸ ಇವಕ್ಕೆ ರೈಜೆನ್ 5 5600ಜಿಯಂಥ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿದ ಯಂತ್ರವು ಪೂರ್ಣ ಭಾರದಲ್ಲೂ 150 ವ್ಯಾಟ್ ದಾಟುವುದಿಲ್ಲ. 450 ವ್ಯಾಟಿನ ಒಳ್ಳೆಯ ಬ್ರಾಂಜ್ ಸಾಕಷ್ಟಾಯಿತು. ಕೋರ್ ಐ5 12400 ಗರಿಷ್ಠ 117 ವ್ಯಾಟ್, ಅದಕ್ಕೆ ಆರ್‌ಟಿಎಕ್ಸ್ 4060 ಕಾರ್ಡಿನ 115 ವ್ಯಾಟ್ ಸೇರಿಸಿ, ಉಳಿದದ್ದಕ್ಕೆ 50 ಇಟ್ಟರೂ 282; 550 ವ್ಯಾಟ್ ಹಾಕಿದರೆ ನಿರಾತಂಕ. ಆರ್‌ಟಿಎಕ್ಸ್ 5070ರಂಥ 250 ವ್ಯಾಟಿನ ಕಾರ್ಡಿಗೆ ತಯಾರಕರೇ 650 ವ್ಯಾಟ್ ಸೂಚಿಸುತ್ತಾರೆ. ಇಂಥ ದೊಡ್ಡ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ತಮ್ಮ ಸರಾಸರಿಯ ಎರಡು ಪಟ್ಟು ಎಳೆಯುವುದುಂಟು, ಎಟಿಎಕ್ಸ್ 3.0 ಮತ್ತು 3.1 ಗುರುತಿನ ಎಸ್‌ಎಂಪಿಎಸ್‌ಗಳು ಅದನ್ನು ತಾಳಿಕೊಳ್ಳುವಂತೆ ತಯಾರಾಗಿರುತ್ತವೆ. ಮುಂದೆ ಬೇಕಾದೀತೆಂದು ಈಗಲೇ 1000 ವ್ಯಾಟ್ ಹಾಕಿಸುವುದು, ಮನೆಯಲ್ಲಿ ಮೂರು ಜನರಿರುವಾಗ ಜಾತ್ರೆಯ ಕಡಾಯಿ ಕೊಂಡಂತೆ.

ಸೆಖೆ, ಉಪ್ಪು ಗಾಳಿ, ಇರುವೆ

ಪೂರ್ಣ ವ್ಯಾಟನ್ನು ಎಷ್ಟು ಸೆಖೆಯಲ್ಲಿ ಕೊಡಬಲ್ಲೆನೆಂದು ಎಸ್‌ಎಂಪಿಎಸ್‌ನ ವಿವರದಲ್ಲಿ ಬರೆದಿರುತ್ತದೆ. ಅಗ್ಗದವುಗಳಲ್ಲಿ 30 ಡಿಗ್ರಿ, ಮಧ್ಯಮದವುಗಳಲ್ಲಿ 40, ಮೇಲ್ದರ್ಜೆಯವುಗಳಲ್ಲಿ 50 ಎಂದು ಕಾಣಬಹುದು. ಎಪ್ರಿಲ್ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗಿನ ಕೋಣೆಯೇ 35ರ ಹತ್ತಿರವಿರುವಾಗ ಕ್ಯಾಬಿನೆಟಿನ ಒಳಗೆ 30 ಡಿಗ್ರಿ ಎಂಬುದು ಕನಸಿನ ಮಾತು. ಕೆಪಾಸಿಟರುಗಳ ಆಯುಷ್ಯ ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧವಾಗುತ್ತದೆಂಬುದು ಈ ಕಸುಬಿನ ಹಳೆಯ ಲೆಕ್ಕ. 85 ಡಿಗ್ರಿಯ ಬದಲು 105 ಡಿಗ್ರಿಯ ಕೆಪಾಸಿಟರ್ ಎಂದು ಪೆಟ್ಟಿಗೆಯ ಮೇಲೆ ಬರೆದುಕೊಳ್ಳುವುದು ಈ ಕಾರಣಕ್ಕೆ.

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿ ಕನೆಕ್ಟರುಗಳನ್ನು ತಿನ್ನುತ್ತದೆ, ಘಟ್ಟದ ಬುಡದ ಕಡೆ ಮಳೆಗಾಲದ ತೇವ ಹಲಗೆಯ ಮೇಲೆ ಕೂರುತ್ತದೆ. ಇವೆರಡಕ್ಕಿಂತ ಹೆಚ್ಚಿನ ಹಾವಳಿ ಇರುವೆ ಮತ್ತು ಹಲ್ಲಿಗಳದ್ದು. ಬೆಚ್ಚಗಿನ ಕತ್ತಲೆಯ ಪೆಟ್ಟಿಗೆ ಅವಕ್ಕೆ ಹೇಳಿಮಾಡಿಸಿದ ಮನೆ. ಮೊಟ್ಟೆಗಳ ಸಮೇತ ಸುಟ್ಟ ಹಲ್ಲಿಯನ್ನು ಹಲಗೆಯಿಂದ ಕೆರೆದು ತೆಗೆದವನ ಮಾತಿದು. ಭಾರ ಕಡಿಮೆಯಿದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಸೌಕರ್ಯ ಕೆಲವು ಗೋಲ್ಡ್ ಮಾದರಿಗಳಲ್ಲಿದೆ, ಸದ್ದಿಲ್ಲದ ಕೋಣೆಯಲ್ಲಿ ಅದು ಸೊಗಸು. ನಮ್ಮ ಕಡೆಗೆ ಮಾತ್ರ ಸದಾ ಮೆಲ್ಲಗೆ ತಿರುಗುವ ಫ್ಯಾನೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಿಡಿಲಿನ ವಿಷಯದಲ್ಲಿ ಮೂರರ ನಡುವೆ ಹೋಲಿಕೆಯೇ ಬೇಡ. ಒಳ್ಳೆಯದರಲ್ಲಿ ಸಣ್ಣ ಏರುಪೇರುಗಳನ್ನು ಹೀರುವ ಬಿಡಿಭಾಗ ಇರುತ್ತದೆ, ಅದೂ ಪ್ರತಿ ಏಟಿಗೆ ಸವೆಯುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಯಾವುದೂ ಉಳಿಯುವುದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ಸುತ್ತಿನ ದಿನಗಳಲ್ಲಿ, ಮತ್ತೆ ತುಲಾ ತಿಂಗಳಲ್ಲಿ (ಅಕ್ಟೋಬರ್–ನವೆಂಬರ್), ಗುಡುಗು ಕೇಳಿದೊಡನೆ ಪ್ಲಗ್ಗು ಎಳೆದಿಡುವುದೇ ದಾರಿ. ಇಂಟರ್ನೆಟ್ ಫೈಬರಿನಲ್ಲಿ ಬರುತ್ತಿದ್ದರೂ ರೂಟರಿನ ಅಡಾಪ್ಟರ್ ಮತ್ತು ನೆಟ್‌ವರ್ಕ್ ಕೇಬಲ್ ತಾಮ್ರದವೇ ಎಂಬುದನ್ನು ಮರೆಯಬಾರದು.

ಕೊಳ್ಳುವಾಗಿನ ಕೆಲವು ಸಂಗತಿಗಳು

ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಹಸಿರು ಮತ್ತು ಕಪ್ಪು ತಂತಿಗಳನ್ನು ಪಿನ್ನಿನಿಂದ ಸೇರಿಸಿ ಫ್ಯಾನು ತಿರುಗಿಸಿ ತೋರಿಸುವುದು ಪರೀಕ್ಷೆಯಲ್ಲ, ಭಾರ ಹೊತ್ತಾಗ ಏನಾಗುತ್ತದೆಂದು ಅದು ಹೇಳುವುದಿಲ್ಲ. ಡೆಲ್, ಎಚ್‌ಪಿ, ಲೆನೊವೊ ಕಂಪೆನಿಗಳ ಹಳೆಯ ಕಚೇರಿ ಯಂತ್ರಗಳನ್ನು ಕೊಂಡವರು ಬದಲಿ ತರುವ ಮೊದಲು ಒಳಗಿನ ಕನೆಕ್ಟರಿನ ಫೋಟೋ ತೆಗೆದುಕೊಂಡು ಹೋಗಬೇಕು. ಹಲವದರಲ್ಲಿ 24 ಪಿನ್ನಿನ ಬದಲು ಕಂಪೆನಿಯದ್ದೇ ಆದ ಜೋಡಣೆ ಇರುತ್ತದೆ. ಕೇಬಲ್ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಬಗೆಯದನ್ನು ಕೊಂಡರೆ, ಬೇರೊಂದು ಎಸ್‌ಎಂಪಿಎಸ್‌ನ ಕೇಬಲನ್ನು ಅದಕ್ಕೆ ಎಂದೂ ಸಿಕ್ಕಿಸಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ಮಾನದಂಡವೂ ಇಲ್ಲದ್ದರಿಂದ ಆಕಾರ ಸರಿಹೊಂದಿದರೂ 5 ವೋಲ್ಟ್ ಇರಬೇಕಾದಲ್ಲಿ 12 ಬಂದು ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ರಾಜ್ಯದ ಗಡಿಯಾದ ತಲಪಾಡಿ ದಾಟಿ ಮನೆಗೆ ಬಂದ ಮೇಲೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲವೆಂದು ಗೊತ್ತಾದರೆ ವಾರಂಟಿಗಾಗಿ ಇನ್ನೊಂದು ದಿನ ಹಾಳು.

ಮಾಷ್ಟ್ರ ಆಯ್ಕೆ

ಗೋಲ್ಡ್ 750 ಪೆಟ್ಟಿಗೆಗೆ ಮರಳಿತು. ಮೊಮ್ಮಗನಿಗೆ ಅದರ ಮೇಲೆ ಆಸೆಯಿತ್ತು, ಆದರೆ ಅವನಿಗೆ ಬೇಕಾದ ಕಾರ್ಡು 4060. ಆದುದರಿಂದ 550 ವ್ಯಾಟಿನ ಬ್ರಾಂಜ್, ಇನ್‌ಪುಟ್ 100–240 ವೋಲ್ಟ್, ಡಿಸಿ–ಡಿಸಿ ವಿನ್ಯಾಸ, 5 ವರ್ಷ ವಾರಂಟಿಯದ್ದು ನಿಂತಿತು. ಉಳಿದ ಹಣದಲ್ಲಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರನ್ನು ಬದಲಿಸಿದರು. ಜೋಡಿಸಿ ಮುಗಿಸಿದ ಮೇಲೆ ಕೆಳಗಿನ ಪಂಪನ್ನೂ ನೆರೆಮನೆಯ ಪಂಪನ್ನೂ ಒಟ್ಟಿಗೆ ಹಾಕಿಸಿದೆವು. ಮೀಟರ್ 163 ತೋರಿಸಿತು, ಬಲ್ಬು ಕೆಂಪಾಯಿತು, ಕ್ಯಾಸೆಟ್ಟಿನ ಅರ್ಥಧಾರಿ ಮಾತ್ರ ತನ್ನ ಮಾತನ್ನು ನಿಲ್ಲಿಸಲಿಲ್ಲ. ಹಿನ್ನೆಲೆಯಲ್ಲಿ ಸದಾ ಇರುತ್ತಿದ್ದ ಕೀರಲು ಸದ್ದೂ ಬಹಳ ಮಟ್ಟಿಗೆ ಇಳಿದಿತ್ತು. 12 ವೋಲ್ಟಿನ ಸಾಲಿನಲ್ಲಿ 120 ಮಿಲಿವೋಲ್ಟಿಗಿಂತ ಹೆಚ್ಚು ಅಲೆಗಳಿರಬಾರದೆಂಬ ಮಾನದಂಡವನ್ನು ಹಳೆಯದು ಪಾಲಿಸುತ್ತಿರಲಿಲ್ಲವೆಂದು ಕಾಣುತ್ತದೆ. ಅಷ್ಟು ವರ್ಷ ಅವರು ಅದನ್ನು ಟೇಪಿನ ದೋಷವೆಂದು ತಿಳಿದು ಸಾಫ್ಟ್‌ವೇರಿನಿಂದ ಉಜ್ಜಿ ತೆಗೆಯುತ್ತಿದ್ದರು.

ಮೂರನೆಯ ದಿನ ಅವರ ಫೋನು ಬಂತು. “ಹಳೆಯದರಲ್ಲಿ ಶಾಕ್ ಇರಲಿಲ್ಲ ಮಾರಾಯ, ಇದರ ಸ್ಕ್ರೂ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ” ಎಂದರು. ಒಳ್ಳೆಯ ಎಸ್‌ಎಂಪಿಎಸ್‌ಗಳ ಬಾಗಿಲಲ್ಲಿ ಕರೆಂಟಿನ ಗದ್ದಲವನ್ನು ಸೋಸುವ ಫಿಲ್ಟರ್ ಇದೆ. ಅದರ ಎರಡು ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಕವಚಕ್ಕೆ ಜೋಡಣೆಗೊಂಡಿದ್ದು, ಅಲ್ಲಿಂದ ಅತಿ ಸಣ್ಣ ಕರೆಂಟು ಅರ್ತ್ ತಂತಿಯ ಮೂಲಕ ಭೂಮಿಗೆ ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಕವಚವು ಅರ್ಧ ವೋಲ್ಟೇಜಿನಲ್ಲಿ, ಅಂದರೆ ನೂರು ಚಿಲ್ಲರೆ ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಬರಿಗಾಲಲ್ಲಿ ಮುಟ್ಟಿದವರಿಗೆ ಜುಮ್ಮೆನ್ನುತ್ತದೆ. ಹಳೆಯದರ ಹಲಗೆಯಲ್ಲಿ ಆ ಫಿಲ್ಟರಿಗೆ ಗುರುತು ಹಾಕಿದ್ದ ಜಾಗ ಖಾಲಿಯಿತ್ತು, ಖರ್ಚು ಉಳಿಸಲು ಹಾಕದೇ ಬಿಟ್ಟಿದ್ದರು, ಹಾಗಾಗಿ ಶಾಕೂ ಇರಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತ್ ನೋಡಿಸಿರೆಂದು ಹೇಳಿದೆ. ಮನೆಯ ಹಿಂದೆ ಮುರಕಲ್ಲಿನ ನೆಲದಲ್ಲಿ ಹೂತಿದ್ದ ಕಬ್ಬಿಣದ ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ಕಡಿದು, ರಾಶಿ ಹಾಕಿದ್ದ ಅಡಿಕೆ ಸೋಗೆಯ ಅಡಿಯಲ್ಲಿ ಬಿದ್ದಿತ್ತಂತೆ; ಎಂದಿನಿಂದ ಎಂದು ಮನೆಯವರಿಗೂ ಗೊತ್ತಿರಲಿಲ್ಲ.